ಕಾದ ಒಲೆಯ ಸುತ್ತಣ ವಾದ

ಅಮೆರಿಕ ದೇಶದಲ್ಲಿ ಬೇಸ್‌ಬಾಲ್ ಪಂದ್ಯಗಳು ವಸಂತದಲ್ಲಿ ಮೊದಲಾಗಿ ಶರತ್ಕಾಲದಲ್ಲಿ ಮುಗಿಯುತ್ತವೆ. ಕಡೆಯ ಪಂದ್ಯ ನಡೆದು ಮೈದಾನಗಳ ಬಾಗಿಲು ಹಾಕಿದ ಮೇಲೆ, ಹಿಮ ಬೀಳುವ ನಾಲ್ಕು ತಿಂಗಳ ಕಾಲ ಚೆಂಡಿನ ಸುಳಿವೇ ಇರುವುದಿಲ್ಲ. ಆದರೆ ಆಟ ನಿಂತ ಮಾತ್ರಕ್ಕೆ ಆಟದ ಮಾತು ನಿಲ್ಲುವುದುಂಟೆ? ಹಿಂದಿನ ಕಾಲದಲ್ಲಿ ಅಲ್ಲಿನ ಸಣ್ಣ ಊರುಗಳ ದಿನಸಿ ಅಂಗಡಿಗಳಲ್ಲಿಯೂ ಕ್ಷೌರದಂಗಡಿಗಳಲ್ಲಿಯೂ ಒಂದು ಕಬ್ಬಿಣದ ಒಲೆ ಉರಿಯುತ್ತಿತ್ತು. ಚಳಿ ಕಾಯಿಸುವ ನೆಪದಲ್ಲಿ ಅದರ ಸುತ್ತ ನೆರೆದವರು ಕಳೆದ ವರ್ಷದ ಸೋಲನ್ನು ಕೆದಕಿ, ಬರುವ ವರ್ಷದ ತಂಡವನ್ನು ಬಾಯಲ್ಲೇ ಕಟ್ಟುತ್ತಿದ್ದರು. ಈ ಹರಟೆಗೆ 'ಹಾಟ್ ಸ್ಟೋವ್ ಲೀಗ್' ಎಂದು ಹೆಸರಾಯಿತು. ಕಾದ ಒಲೆಯ ಪಂದ್ಯಾವಳಿ ಎಂದು ಇದನ್ನು ಕನ್ನಡಿಸಬಹುದು. ಕಾಲಕ್ರಮದಲ್ಲಿ ಒಲೆ ಮರೆಯಾಯಿತು. ಹೆಸರು ಉಳಿಯಿತು, ಹೆಸರಿನೊಡನೆ ವಾದವೂ ಉಳಿಯಿತು.

ಈ ಪಂದ್ಯಾವಳಿಯಲ್ಲಿ ಚರ್ಚೆಗೆ ಬರುವ ಪ್ರಶ್ನೆಗಳು ಮುಖ್ಯವಾಗಿ ಎರಡೇ. ಯಾರನ್ನು ಕೊಂಡು ತಂದರೆ ತಂಡ ಗೆದ್ದೀತು? ತಂದವನು ಇದ್ದವರೊಡನೆ ಹೊಂದಿಕೊಂಡಾನೆ? ಮೊದಲನೆಯದು ಹಣದ ಮತ್ತು ಲೆಕ್ಕದ ಪ್ರಶ್ನೆ, ಎರಡನೆಯದು ಮನಸ್ಸಿನದು. ಮನೆಗೆ ಸೊಸೆಯನ್ನು ತರುವ ಹಿರಿಯರೂ, ಕಚೇರಿಗೆ ಹೊಸ ಗುಮಾಸ್ತನನ್ನು ನೇಮಿಸುವ ಅಧಿಕಾರಿಯೂ ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ ಅಲ್ಲವೆ? ಆದುದರಿಂದ ಬೇಸ್‌ಬಾಲ್ ಚೆಂಡನ್ನು ಕಣ್ಣಿನಿಂದ ಕಾಣದವರಿಗೂ ಈ ವಾದ ಅಪರಿಚಿತವೆನಿಸದು.

ಆಟದ ಪರಿಚಯ ಎರಡು ಮಾತಿನಲ್ಲಿ ಆಗಬೇಕು. ಕ್ರಿಕೆಟ್ಟಿನ ಬೌಲರನ ಸ್ಥಾನದಲ್ಲಿ ಇಲ್ಲಿ ಪಿಚರ್ ಇರುತ್ತಾನೆ. ಅವನು ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ದುಂಡನೆಯ ದಾಂಡು ಹಿಡಿದವನು ಅದನ್ನು ಹೊಡೆದು, ಚೌಕದ ನಾಲ್ಕು ಮೂಲೆಗಳಲ್ಲಿರುವ ಬೇಸುಗಳನ್ನು ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್. ಚೆಂಡು ಬೇಲಿಯನ್ನು ದಾಟಿ ಹೋದರೆ ಅದು ಹೋಮ್ ರನ್. ನಮ್ಮ ಸಿಕ್ಸರಿನ ದಾಯಾದಿ. ದೊಡ್ಡ ಲೀಗಿನಲ್ಲಿ ೩೦ ತಂಡಗಳಿವೆ. ಒಂದೊಂದು ತಂಡವೂ ವರ್ಷಕ್ಕೆ ೧೬೨ ಪಂದ್ಯಗಳನ್ನು ಆಡುತ್ತದೆ. ಆರು ತಿಂಗಳ ಕಾಲ ಹೆಚ್ಚುಕಡಮೆ ಪ್ರತಿದಿನವೂ ಆಟ. ಅದರಲ್ಲಿ ಅರ್ಧ ಪರಊರಿನಲ್ಲಿ. ೨೬ ಮಂದಿ ಆಟಗಾರರು ಒಂದೇ ವಿಮಾನದಲ್ಲಿ ಹೋಗಿ, ಒಂದೇ ಹೋಟೆಲಿನಲ್ಲಿ ತಂಗಿ, ಒಂದೇ ಕೋಣೆಯಲ್ಲಿ ಉಡುಪು ಬದಲಿಸಿ, ಅಲ್ಲಿಯೇ ಉಂಡು, ಇಸ್ಪೀಟಾಡಿ, ಗೆದ್ದಾಗ ಕುಣಿದು, ಸೋತಾಗ ಮುಖ ತಿರುಗಿಸಿಕೊಂಡು ದಿನ ಕಳೆಯಬೇಕು. ಆ ಕೋಣೆಗೇ ಕ್ಲಬ್‌ಹೌಸ್ ಎಂದು ಹೆಸರು. ಹೆಂಡಿರು ಮಕ್ಕಳೊಡನೆ ಇರುವುದಕ್ಕಿಂತ ಹೆಚ್ಚು ಹೊತ್ತು ಅವರು ಇರುವುದು ಅಲ್ಲಿಯೇ. ಅದು ಮನೆಯೊಂದು ಮೂರು ಬಾಗಿಲಾದರೆ ತಂಡ ಗೆದ್ದೀತೆ ಎಂಬುದು ವಾದದ ಜೀವಾಳ.

ಆಟಗಾರರನ್ನು ತರುವ ದಾರಿ ಎರಡು. ಒಪ್ಪಂದದ ಅವಧಿ ಮುಗಿದು ಸ್ವತಂತ್ರನಾದವನನ್ನು ಹಣ ಕೊಟ್ಟು ಕರೆತರುವುದು ಒಂದು. ನಮ್ಮವನನ್ನು ಕೊಟ್ಟು ನಿಮ್ಮವನನ್ನು ಪಡೆಯುವ ವಿನಿಮಯ ಇನ್ನೊಂದು. ಇದನ್ನು ಟ್ರೇಡ್ ಎನ್ನುತ್ತಾರೆ. ಕ್ರಿಕೆಟ್ಟಿನ ಹರಾಜನ್ನು ಕಂಡವರಿಗೆ ಮೊದಲನೆಯದರ ಅಂದಾಜು ಸಿಕ್ಕೀತು. ಎರಡನೆಯದರ ಬಿಸಿ ಬೇರೆ. ಬೆಳಗ್ಗೆ ಒಂದು ತಂಡದ ಉಡುಪು ಧರಿಸಿದವನು ಸಂಜೆಯ ಹೊತ್ತಿಗೆ ಮತ್ತೊಂದು ಊರಿನ ವಿಮಾನ ಹತ್ತಿರುತ್ತಾನೆ.

ಇಂಥ ಮಾರಾಟಗಳಲ್ಲೆಲ್ಲ ಪ್ರಸಿದ್ಧವಾದುದು ಬೇಬ್ ರೂತನದು. ೧೯೧೫, ೧೯೧೬ ಮತ್ತು ೧೯೧೮ರಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡ ಪ್ರಶಸ್ತಿ ಗಳಿಸಿದಾಗ ರೂತ್ ಅದರಲ್ಲಿದ್ದ. ೧೯೧೯ರಲ್ಲಿ ಅವನು ೨೯ ಹೋಮ್ ರನ್ ಹೊಡೆದು ಹೊಸ ದಾಖಲೆ ಸ್ಥಾಪಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ ತಂಡದ ಒಡೆಯ ಹ್ಯಾರಿ ಫ್ರೇಜಿ ಅವನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಿದ. ಫ್ರೇಜಿ ನಾಟಕಗಳನ್ನು ಆಡಿಸುತ್ತಿದ್ದವನು. ಮಾರಾಟದ ಹಣದ ಜೊತೆಗೆ, ಬಾಸ್ಟನ್ನಿನ ಫೆನ್ವೇ ಪಾರ್ಕ್ ಮೈದಾನದ ಆಧಾರದ ಮೇಲೆ ಮೂರು ಲಕ್ಷ ಡಾಲರ್ ಸಾಲವೂ ಅವನಿಗೆ ದೊರೆಯಿತು. ಆದರೆ ಊರಿನ ಜನರಿಗೆ ಅವನು ಕೊಟ್ಟ ಕಾರಣವೇ ಬೇರೆ: ರೂತ್ ಸ್ವಾರ್ಥಿ, ಯಾರ ಮಾತನ್ನೂ ಕೇಳದವನು, ಅವನಿದ್ದರೆ ತಂಡ ಒಂದಾಗಿ ನಡೆಯದು! ತಂಡದ ಸಾಮರಸ್ಯವೆಂಬ ಮಾತು ಹಣದ ವ್ಯವಹಾರಕ್ಕೆ ಹೊದಿಕೆಯಾಗಿ ಬಂದದ್ದು ಹೀಗೆ. ಮರುವರ್ಷ ನ್ಯೂಯಾರ್ಕಿನಲ್ಲಿ ರೂತ್ ೫೪ ಹೋಮ್ ರನ್ ಹೊಡೆದ. ಅಲ್ಲಿಯವರೆಗೆ ಒಮ್ಮೆಯೂ ಪ್ರಶಸ್ತಿ ಕಾಣದಿದ್ದ ಯಾಂಕೀಸ್ ೧೯೨೩ರಲ್ಲಿ ಗೆದ್ದಿತು. ಬಾಸ್ಟನ್ ೧೯೧೮ರ ತರುವಾಯ ೨೦೦೪ರವರೆಗೆ ೮೬ ವರ್ಷ ಕಾಯಬೇಕಾಯಿತು. ತಾತ, ಮಗ, ಮೊಮ್ಮಗ ಮೂವರೂ ಒಂದೇ ಶಾಪವನ್ನು ಹೊತ್ತರೆಂದು ಅಲ್ಲಿನವರು ನಂಬಿದರು.

ವಿನಿಮಯದ ಬೆಲೆಯನ್ನು ಆ ದಿನವೇ ಕಟ್ಟುವುದು ಎಷ್ಟು ಕಷ್ಟವೆಂಬುದಕ್ಕೆ ೧೯೬೪ರ ಜೂನ್ ೧೫ರ ನಿದರ್ಶನವಿದೆ. ಅಂದು ಷಿಕಾಗೋದ ಕಬ್ಸ್ ತಂಡ ಲೂ ಬ್ರಾಕ್ ಎಂಬ ತರುಣನನ್ನು ಸೇಂಟ್ ಲೂಯಿಸಿನ ಕಾರ್ಡಿನಲ್ಸ್ ತಂಡಕ್ಕೆ ಕೊಟ್ಟು, ಅರ್ನಿ ಬ್ರಾಲಿಯೋ ಎಂಬ ಪಿಚರನನ್ನು ಪಡೆಯಿತು. ಬ್ರಾಲಿಯೋ ಹಿಂದಿನ ವರ್ಷ ೧೮ ಪಂದ್ಯ ಗೆಲ್ಲಿಸಿದ್ದವನು. ಬ್ರಾಕ್ ಇನ್ನೂ ಹೆಸರು ಮಾಡದವನು. ಷಿಕಾಗೋ ಲಾಭ ಹೊಡೆಯಿತೆಂದು ಅಂದು ಹಲವರು ಬಗೆದರು. ಮುಂದೆ ನಡೆದುದೇನು? ಬ್ರಾಕ್ ಬಂದ ವರ್ಷವೇ ಸೇಂಟ್ ಲೂಯಿಸ್ ಪ್ರಶಸ್ತಿ ಗಳಿಸಿತು. ಎಸೆತದ ನಡುವೆ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವುದನ್ನು ಬೇಸ್ ಕದಿಯುವುದು ಎನ್ನುತ್ತಾರೆ. ಬ್ರಾಕ್ ತನ್ನ ಜೀವಮಾನದಲ್ಲಿ ೯೩೮ ಬೇಸುಗಳನ್ನು ಕದ್ದ. ಬ್ರಾಲಿಯೋ ಷಿಕಾಗೋಗೆ ಗೆಲ್ಲಿಸಿಕೊಟ್ಟದ್ದು ಒಟ್ಟು ಏಳೇ ಪಂದ್ಯ. ಮಾವಿನ ಸಸಿಯನ್ನು ಕೊಟ್ಟು ಹಣ್ಣಿನ ಬುಟ್ಟಿಯನ್ನು ಕೊಂಡವನ ಕಥೆ ಇದು. ಬುಟ್ಟಿ ಒಂದೇ ವಾರಕ್ಕೆ ಬರಿದಾಗುತ್ತದೆ.

ಇನ್ನು ಅಭಿಮಾನಿಗಳ ಪಕ್ಷಗಳ ವಿಚಾರ. ಬಾಸ್ಟನ್ನಿನ ಯಾವುದೇ ಮನೆಯ ಊಟದ ಮೇಜಿನ ಸುತ್ತ ಇಂಥ ಇಬ್ಬರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ತಾತ, ಅರವತ್ತು ವರ್ಷ ಆಟ ನೋಡಿದವನು. ಇನ್ನೊಬ್ಬ ಕಾಲೇಜಿನಲ್ಲಿ ಗಣಿತ ಓದುವ ಮೊಮ್ಮಗ.

"ತಂಡವೆಂದರೆ ಬರಿಯ ಅಂಕಿಗಳ ಮೊತ್ತವಲ್ಲಪ್ಪ. ಹಿಂದೆ ನಮ್ಮ ಬಾಸ್ಟನ್ನಿನಲ್ಲಿ ಒಳ್ಳೆಯ ಆಟಗಾರರು ಇರಲಿಲ್ಲವೆ? ಇದ್ದರು. ಆದರೆ ಪಂದ್ಯ ಮುಗಿದೊಡನೆ ಇಪ್ಪತ್ತೈದು ಮಂದಿ ಇಪ್ಪತ್ತೈದು ಟ್ಯಾಕ್ಸಿ ಹಿಡಿದು ಹೋಗುತ್ತಿದ್ದರು. ಅಂಥವರು ಗೆದ್ದಾರೆಯೆ?" ಎನ್ನುತ್ತಾನೆ ತಾತ. ಇಪ್ಪತ್ತೈದು ಟ್ಯಾಕ್ಸಿಯ ಮಾತು ಬಾಸ್ಟನ್ನಿನಲ್ಲಿ ಗಾದೆಯಂತೆ ಪ್ರಚಲಿತವಾದುದು.

"ತಾತ, ಗೆದ್ದಿದ್ದರೆ ಅದೇ ಇಪ್ಪತ್ತೈದು ಟ್ಯಾಕ್ಸಿಯನ್ನು ಸ್ವಾತಂತ್ರ್ಯಪ್ರಿಯತೆ ಎಂದು ಹೊಗಳುತ್ತಿದ್ದಿರಿ. ಗೆದ್ದವರೆಲ್ಲ ನಗುತ್ತಿರುತ್ತಾರೆ. ನಕ್ಕದ್ದರಿಂದ ಗೆದ್ದರೋ, ಗೆದ್ದದ್ದರಿಂದ ನಕ್ಕರೋ ಹೇಳಿ ನೋಡೋಣ!" ಎನ್ನುತ್ತಾನೆ ಮೊಮ್ಮಗ.

ಮೊಮ್ಮಗನ ಪಕ್ಷಕ್ಕೂ ಒಬ್ಬ ಆಚಾರ್ಯನಿದ್ದಾನೆ. ಬಿಲ್ ಜೇಮ್ಸ್ ಎಂಬಾತ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ, ಡಬ್ಬಿಯಲ್ಲಿ ತಿನಿಸು ತುಂಬುವ ಕಾರ್ಖಾನೆಯೊಂದರ ರಾತ್ರಿಯ ಪಹರೆಯವನಾಗಿದ್ದ. ಬಿಡುವಿನಲ್ಲಿ ಪಂದ್ಯಗಳ ಅಂಕಿ ಅಂಶಗಳನ್ನು ಗುಣಿಸಿ ಭಾಗಿಸಿ, ೧೯೭೭ರಲ್ಲಿ ತನ್ನ ಮೊದಲ ವಾರ್ಷಿಕ ಪುಸ್ತಿಕೆಯನ್ನು ತಾನೇ ಪ್ರಕಟಿಸಿದ. ಕಾಲು ಶತಮಾನ ಕಳೆದ ಮೇಲೆ ಅವನನ್ನು ಸಲಹೆಗಾರನಾಗಿ ನೇಮಿಸಿಕೊಂಡದ್ದು ಇದೇ ಬಾಸ್ಟನ್ ತಂಡ. ಓಕ್‌ಲೆಂಡಿನ ಬಡ ತಂಡ ೨೦೦೨ರಲ್ಲಿ ಲೆಕ್ಕದ ಬಲದಿಂದಲೇ ಅಗ್ಗದ ಆಟಗಾರರನ್ನು ಆಯ್ದು, ಸಾಲಾಗಿ ೨೦ ಪಂದ್ಯ ಗೆದ್ದಿತು. ಅದರ ಮೂರು ಪಟ್ಟು ಸಂಬಳ ಕೊಡುತ್ತಿದ್ದ ಯಾಂಕೀಸಿನಂತೆಯೇ ಆ ವರ್ಷ ೧೦೩ ಪಂದ್ಯಗಳನ್ನು ತನ್ನದಾಗಿಸಿಕೊಂಡಿತು. ಮೈಕೆಲ್ ಲೂಯಿಸ್ ೨೦೦೩ರಲ್ಲಿ ಬರೆದ 'ಮನಿಬಾಲ್' ಪುಸ್ತಕ ಈ ಕಥೆಯನ್ನು ಲೋಕಕ್ಕೆಲ್ಲ ತಿಳಿಸಿತು.

ಲೆಕ್ಕದ ಪಕ್ಷದವರು ಮತ್ತೊಂದು ನ್ಯಾಯವಾದ ಮಾತನ್ನೂ ಹೇಳುತ್ತಾರೆ. ಬೇಸ್‌ಬಾಲ್ ಹೊರಗೆ ತಂಡದ ಆಟ, ಒಳಗೆ ದ್ವಂದ್ವಯುದ್ಧ. ಎಸೆಯುವವನೊಬ್ಬ, ಹೊಡೆಯುವವನೊಬ್ಬ, ಆ ಕ್ಷಣದಲ್ಲಿ ಬೇರೆಯವರ ಸ್ನೇಹ ದ್ವೇಷಗಳಿಂದ ಆಗಬೇಕಾದುದೇನು? ಕಾಲ್ಚೆಂಡಾಟದಲ್ಲಿ ಗೆಳೆಯನ ಕಾಲಿಗೆ ಚೆಂಡನ್ನು ಒಪ್ಪಿಸದಿದ್ದರೆ ಆಟವೇ ಕೆಡುತ್ತದೆ. ಇಲ್ಲಿ ಹಾಗಲ್ಲ.

ಈ ಮಾತಿಗೆ ಚರಿತ್ರೆಯ ಬೆಂಬಲವೂ ಉಂಟು. ಓಕ್‌ಲೆಂಡ್ ತಂಡ ೧೯೭೨, ೧೯೭೩, ೧೯೭೪ ಹೀಗೆ ಮೂರು ವರ್ಷ ಬಿಡದೆ ವರ್ಲ್ಡ್ ಸೀರೀಸ್ ಗೆದ್ದಿತು. ಆ ತಂಡದವರಷ್ಟು ಜಗಳಗಂಟರು ಮತ್ತೊಬ್ಬರಿರಲಿಲ್ಲ. ೧೯೭೪ರ ಜೂನಿನಲ್ಲಿ ಡೆಟ್ರಾಯಿಟ್ ನಗರದ ಕ್ಲಬ್‌ಹೌಸಿನಲ್ಲಿ ರೆಜಿ ಜ್ಯಾಕ್ಸನ್ನನೂ ಬಿಲ್ ನಾರ್ತನೂ ಕೈಕೈ ಮಿಲಾಯಿಸಿದರು. ಬಿಡಿಸಲು ಹೋದ ರೇ ಫಾಸಿ ಕುತ್ತಿಗೆಗೆ ಪೆಟ್ಟು ತಿಂದು ಬಹುಕಾಲ ಆಟ ಬಿಡಬೇಕಾಯಿತು. ಅದೇ ವರ್ಷ ವರ್ಲ್ಡ್ ಸೀರೀಸಿನ ಮುನ್ನಾದಿನ ಇಬ್ಬರು ಪಿಚರರು ಹೊಡೆದಾಡಿಕೊಂಡು, ರಾಲಿ ಫಿಂಗರ್ಸನ ತಲೆಗೆ ಹೊಲಿಗೆ ಬಿತ್ತು. ಆ ಹೊಲಿಗೆ ಹೊತ್ತುಕೊಂಡೇ ಫಿಂಗರ್ಸ್ ಆಡಿದ. ಸರಣಿಯ ಅತ್ಯುತ್ತಮ ಆಟಗಾರನೆಂಬ ಗೌರವ ಅವನಿಗೇ ಸಂದಿತು!

ಅದೇ ಜ್ಯಾಕ್ಸನ್ ೧೯೭೬ರ ನವೆಂಬರಿನಲ್ಲಿ ಸುಮಾರು ಮೂವತ್ತು ಲಕ್ಷ ಡಾಲರಿನ ಒಪ್ಪಂದಕ್ಕೆ ಯಾಂಕೀಸ್ ಸೇರಿದ. ಬಂದ ಮರುವರ್ಷವೇ, ತಂಡಕ್ಕೆ ಮುಖ್ಯನಾದವನು ನಾಯಕ ಥರ್ಮನ್ ಮನ್ಸನ್ ಅಲ್ಲ, ತಾನು ಎಂಬ ಅರ್ಥದ ಮಾತುಗಳು ಅವನ ಹೆಸರಿನಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದವು. ಜೂನ್ ೧೮ರಂದು ವ್ಯವಸ್ಥಾಪಕ ಬಿಲ್ಲಿ ಮಾರ್ಟಿನ್ ಅವನನ್ನು ಆಟದ ನಡುವೆಯೇ ಹೊರಗೆ ಕರೆದ. ಇಬ್ಬರೂ ಹೊಡೆದಾಟಕ್ಕೆ ನಿಂತುದನ್ನು ದೇಶವೆಲ್ಲ ಟೆಲಿವಿಷನ್ನಿನಲ್ಲಿ ಕಂಡಿತು. ನಾಲ್ಕು ತಿಂಗಳ ಬಳಿಕ, ಅಕ್ಟೋಬರ್ ೧೮ರಂದು, ವರ್ಲ್ಡ್ ಸೀರೀಸಿನ ಆರನೆಯ ಪಂದ್ಯದಲ್ಲಿ ಅದೇ ಜ್ಯಾಕ್ಸನ್ ಮೂವರು ಪಿಚರರ ಎದುರು ಮೂರು ಸಲ ದಾಂಡು ಬೀಸಿ ಮೂರು ಹೋಮ್ ರನ್ ಹೊಡೆದ. ಯಾಂಕೀಸ್ ಗೆದ್ದಿತು. "ಸಾಮರಸ್ಯವೆಲ್ಲಿತ್ತು?" ಎಂದು ಮೊಮ್ಮಗ ಮೇಜು ಗುದ್ದಿ ಕೇಳುವುದು ಇಂಥ ನಿದರ್ಶನಗಳ ಬಲದಿಂದಲೇ.

ಆದರೆ ತಾತನ ಬಳಿಯೂ ಬತ್ತಳಿಕೆ ಬರಿದಾಗಿಲ್ಲ. ೨೦೦೪ರ ಜುಲೈ ೩೧ರಂದು ಬಾಸ್ಟನ್ ತನ್ನ ಕಣ್ಮಣಿಯಾಗಿದ್ದ ನೋಮಾರ್ ಗಾರ್ಸಿಯಾಪಾರಾನನ್ನು ಷಿಕಾಗೋಗೆ ಕೊಟ್ಟುಬಿಟ್ಟಿತು. ಹಿಂದಿನ ಚಳಿಗಾಲದಲ್ಲಿ ತಂಡದವರು ಅವನ ಸ್ಥಾನಕ್ಕೆ ಮತ್ತೊಬ್ಬ ದೊಡ್ಡ ಆಟಗಾರನನ್ನು ತರಲು ಯತ್ನಿಸಿ ವಿಫಲರಾಗಿದ್ದರು. ಆ ನೋವು ಅವನಲ್ಲಿ ಉಳಿದಿತ್ತೆಂದು ಎಲ್ಲರೂ ಆಡಿಕೊಂಡರು. ಅವನು ಹೋದ ದಿನ ಊರಿನಲ್ಲಿ ಸೂತಕದ ಛಾಯೆ. ಮೂರು ತಿಂಗಳು ಕಳೆಯುವ ಮೊದಲೇ ಬಾಸ್ಟನ್ನಿನ ೮೬ ವರ್ಷಗಳ ಬರ ನೀಗಿತು. "ಮುನಿದವನು ಹೊರಟ, ಮನೆ ಹಸನಾಯಿತು" ಎಂದು ತಾತ. "ಅಲ್ಲ, ಬಂದವರು ಚೆಂಡು ಹಿಡಿಯುವುದರಲ್ಲಿ ಅವನಿಗಿಂತ ಚುರುಕು, ಲೆಕ್ಕ ನೋಡಿ" ಎಂದು ಮೊಮ್ಮಗ. ಒಂದೇ ವಿನಿಮಯವನ್ನು ಎರಡು ಪಕ್ಷಗಳೂ ತಮ್ಮ ಜಯವೆಂದು ಬರೆದುಕೊಂಡವು. ಗೆದ್ದೆತ್ತಿನ ಬಾಲ ಹಿಡಿಯಲು ಕೈಗಳಿಗೆ ಬರವೆ?

ಸ್ವಾರಸ್ಯವೆಂದರೆ, ಅಂದು ಊರೆಲ್ಲ ನೋಮಾರನಿಗಾಗಿ ಕಣ್ಣೀರಿಡುತ್ತಿದ್ದಾಗ, ಅದೇ ದಿನ ಬಂದ ಮತ್ತೊಬ್ಬನನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ಅವನು ಡೇವ್ ರಾಬರ್ಟ್ಸ್. ಓಟದಲ್ಲಿ ನಿಪುಣ, ಅಷ್ಟೆ. ಅಕ್ಟೋಬರಿನಲ್ಲಿ ಬಾಸ್ಟನ್ ಯಾಂಕೀಸಿನ ಎದುರು ಮೂರು ಪಂದ್ಯ ಸೋತು, ನಾಲ್ಕನೆಯದರ ಒಂಬತ್ತನೆಯ ಸರದಿಯಲ್ಲಿ ಒಂದು ರನ್ ಹಿಂದೆ ನಿಂತಿತ್ತು. ಆಗ ಬೇರೊಬ್ಬನ ಬದಲಿಗೆ ಓಡಲು ಬಂದ ರಾಬರ್ಟ್ಸ್ ಒಂದು ಬೇಸ್ ಕದ್ದ. ಮರುಗಳಿಗೆಯಲ್ಲೇ ಮನೆ ಸೇರಿದ. ಪಂದ್ಯ ಸಮವಾಯಿತು, ಬಳಿಕ ಕೈವಶವಾಯಿತು, ಉಳಿದ ಮೂರು ಪಂದ್ಯಗಳೂ ಹಿಂಬಾಲಿಸಿದವು. ಜಗತ್ತು ಚರ್ಚಿಸಿದ ವಿನಿಮಯ ಒಂದು, ಕೈಹಿಡಿದು ದಾಟಿಸಿದ್ದು ಇನ್ನೊಂದು. ಹೀಗಾಗುವುದು ಆಟದಲ್ಲಿ ಮಾತ್ರವಲ್ಲ.

ಆ ವರ್ಷ ಬಾಸ್ಟನ್ ತಂಡವನ್ನು ಕಟ್ಟಿದವನು ಥಿಯೋ ಎಪ್‌ಸ್ಟೈನ್. ಆಗ ಅವನ ವಯಸ್ಸು ಮೂವತ್ತು. ಅವನು ಲೆಕ್ಕದ ಪಕ್ಷದ ಕಟ್ಟಾಳು. ಮುಂದೆ ಅವನೇ ಷಿಕಾಗೋದ ಕಬ್ಸ್ ತಂಡಕ್ಕೆ ಹೋಗಿ, ೨೦೧೬ರಲ್ಲಿ ೧೦೮ ವರ್ಷಗಳ ಬರವನ್ನು ನೀಗಿಸಿದ. ಆ ತಂಡದಲ್ಲಿ ಡೇವಿಡ್ ರಾಸ್ ಎಂಬ ೩೯ ವರ್ಷದ ಕ್ಯಾಚರ್ ಇದ್ದ. ಹೊಡೆತದ ಲೆಕ್ಕ ನೋಡಿದರೆ ಅವನು ಸಾಧಾರಣ. ಎಳೆಯರನ್ನು ತಿದ್ದುವುದು, ಸೋತವನ ಹೆಗಲ ಮೇಲೆ ಕೈಯಿಡುವುದು, ತಪ್ಪಿದವನಿಗೆ ಮುಖದೆದುರೇ ತಿಳಿಹೇಳುವುದು ಅವನ ಬಂಡವಾಳ. ಕೊನೆಯ, ಏಳನೆಯ ಪಂದ್ಯದಲ್ಲಿ ಆ ಮುದುಕನೇ ಒಂದು ಹೋಮ್ ರನ್ನನ್ನೂ ಹೊಡೆದುಬಿಟ್ಟ. ಅಳೆಯಬಲ್ಲವನೇ ಅಳತೆಗೆ ಸಿಕ್ಕದುದನ್ನೂ ಗೌರವಿಸಿದನೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಹಣದ ಪ್ರಮಾಣ ಇಂದು ಊಹೆಯನ್ನೂ ಮೀರಿದೆ. ೨೦೨೩ರ ಡಿಸೆಂಬರಿನಲ್ಲಿ ಜಪಾನಿನ ಷೋಹೇ ಓಟಾನಿ ೧೦ ವರ್ಷಕ್ಕೆ ೭೦ ಕೋಟಿ ಡಾಲರಿನ ಒಪ್ಪಂದದಂತೆ ಲಾಸ್ ಏಂಜಲೀಸಿನ ಡಾಡ್ಜರ್ಸ್ ಸೇರಿದ. ಮರುವರ್ಷ ಹ್ವಾನ್ ಸೋಟೋ ೧೫ ವರ್ಷಕ್ಕೆ ೭೬.೫ ಕೋಟಿ ಡಾಲರಿಗೆ ನ್ಯೂಯಾರ್ಕಿನ ಮೆಟ್ಸ್ ಸೇರಿದ. ಡಾಡ್ಜರ್ಸ್ ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಪ್ರಶಸ್ತಿ ಗಳಿಸಿತು. ಅದರ ವ್ಯವಸ್ಥಾಪಕ, ಬೇಸ್ ಕದ್ದ ಅದೇ ಡೇವ್ ರಾಬರ್ಟ್ಸ್. ಮೆಟ್ಸ್ ೨೦೨೫ರ ಜೂನ್ ನಡುವಿನವರೆಗೆ ಎಲ್ಲರಿಗಿಂತ ಮುಂದಿದ್ದು, ಕೊನೆಗೆ ಅಂತಿಮ ಸುತ್ತಿಗೂ ಹೋಗಲಿಲ್ಲ. ಸೋಟೋ ಆಡಲಿಲ್ಲವೆಂದಲ್ಲ, ೪೩ ಹೋಮ್ ರನ್ ಹೊಡೆದಿದ್ದ. ಹಣದಿಂದ ಆಟಗಾರ ಬರುತ್ತಾನೆ. ತಂಡ ಬಂದೇ ಬರುತ್ತದೆಂಬ ಭರವಸೆಯಿಲ್ಲ.

೨೦೨೫ರಲ್ಲಿಯೇ ಬಾಸ್ಟನ್ನಿನ ಊಟದ ಮೇಜುಗಳ ಮೇಲೆ ಮತ್ತೊಮ್ಮೆ ಕಿಡಿ ಹಾರಿತು. ರಾಫೆಲ್ ಡೆವರ್ಸ್ ೨೦೧೭ರಿಂದ ಆ ತಂಡದ ಥರ್ಡ್ ಬೇಸ್ ಕಾಯುತ್ತಿದ್ದ. ೨೦೧೮ರಲ್ಲಿ ಪ್ರಶಸ್ತಿ ಗಳಿಸಿದ ತಂಡದವನು. ೧೦ ವರ್ಷಕ್ಕೆ ೩೧ ಕೋಟಿ ಡಾಲರಿಗೂ ಮೀರಿದ ಒಪ್ಪಂದ ಪಡೆದವನು. ಫೆಬ್ರವರಿಯಲ್ಲಿ ತಂಡದವರು ಅದೇ ಸ್ಥಾನದ ಅಲೆಕ್ಸ್ ಬ್ರೆಗ್ಮನ್ನನನ್ನು ತಂದರು. ಡೆವರ್ಸ್ ಮೊದಲು ಒಪ್ಪದೆ, ಬಳಿಕ ಬರಿಯ ದಾಂಡಿಗನಾಗಿರಲು ಸಮ್ಮತಿಸಿದ. ಮೇ ತಿಂಗಳಲ್ಲಿ ಫಸ್ಟ್ ಬೇಸಿನವನು ಗಾಯಗೊಂಡಾಗ, ಆ ಸ್ಥಾನಕ್ಕೆ ಬರುವೆಯಾ ಎಂದರು. ಕೈಗವಸನ್ನು ತೆಗೆದಿಡು ಎಂದವರೇ ಈಗ ಹಾಕಿಕೋ ಎನ್ನುವುದೇ ಎಂದು ಅವನು ನಿರಾಕರಿಸಿದ. ಜೂನ್ ೧೫ರಂದು ಬಾಸ್ಟನ್ ಯಾಂಕೀಸನ್ನು ಸತತ ಮೂರನೆಯ ಸಲ ಸೋಲಿಸಿತು. ಡೆವರ್ಸನೂ ಒಂದು ಹೋಮ್ ರನ್ ಹೊಡೆದ. ಅದೇ ದಿನ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟರೆಂದು ತಿಳಿದಾಗ ಊರು ಎರಡಾಯಿತು.

"ತಂಡ ಕೇಳಿದಾಗ ಇಲ್ಲವೆನ್ನುವವನು ಎಷ್ಟು ದೊಡ್ಡವನಾದರೇನು?" ಎಂದಿತು ಒಂದು ಪಕ್ಷ. "ಅವನಿಗೆ ತಿಳಿಸದೆ ಅವನ ಸ್ಥಾನಕ್ಕೆ ಮತ್ತೊಬ್ಬನನ್ನು ತಂದವರ ತಪ್ಪು ಕಾಣಿಸದೆ?" ಎಂದಿತು ಇನ್ನೊಂದು. ಪರಿಣಾಮವನ್ನು ನೋಡಿದರೆ, ಆ ದಿನದವರೆಗೆ ೩೭ ಗೆದ್ದು ೩೬ ಸೋತಿದ್ದ ಬಾಸ್ಟನ್, ಆಮೇಲೆ ೫೨ ಗೆದ್ದು ೩೭ ಸೋತು ಅಂತಿಮ ಸುತ್ತಿಗೆ ಹೋಯಿತು. ಅಲ್ಲಿ ಮೊದಲ ಹಂತದಲ್ಲೇ ಯಾಂಕೀಸಿಗೆ ಸೋತಿತು. ಸ್ಯಾನ್ ಫ್ರಾನ್ಸಿಸ್ಕೋ ೮೧ ಗೆದ್ದು ೮೧ ಸೋತಿತು. ಬಾಸ್ಟನ್ನಿನಲ್ಲಿ ಒಲ್ಲೆನೆಂದ ಫಸ್ಟ್ ಬೇಸನ್ನು ಡೆವರ್ಸ್ ಅಲ್ಲಿ ಒಪ್ಪಿ ಆಡಿದ. ಕೆಲಸ ಅದೇ, ಆಳು ಅವನೇ. ಕೇಳಿದ ಬಗೆ ಬೇರೆಯಾಗಿದ್ದೀತು. ಮಾತು ಮನೆ ಕೆಡಿಸಿತು ಎಂಬ ಗಾದೆಗೆ ಆಟದ ಮೈದಾನವೂ ಹೊರತಲ್ಲ.

ಇಲ್ಲಿಯವರೆಗೆ ವಾದ ವಿನೋದವಾಗಿಯೇ ಸಾಗುತ್ತದೆ. ಆದರೆ ಸಾಮರಸ್ಯವೆಂಬ ಮಾತಿಗೆ ಒಂದು ಕರಾಳ ಮುಖವೂ ಉಂಟು. ೧೯೪೭ರವರೆಗೆ ದೊಡ್ಡ ಲೀಗಿನಲ್ಲಿ ಕರಿಯ ಜನಾಂಗದವರಿಗೆ ಎಡೆಯಿರಲಿಲ್ಲ. ಆ ವರ್ಷ ಬ್ರೂಕ್ಲಿನ್ನಿನ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ, ಜ್ಯಾಕಿ ರಾಬಿನ್ಸನ್ ಎಂಬ ಕರಿಯ ಆಟಗಾರನನ್ನು ತರಲು ನಿರ್ಧರಿಸಿದ. ತಂಡದ ಕೆಲವರು ಅವನೊಡನೆ ಆಡಲಾರೆವೆಂದು ಸಹಿ ಸಂಗ್ರಹಿಸತೊಡಗಿದರು. ಜನಪ್ರಿಯನಾಗಿದ್ದ ಡಿಕ್ಸಿ ವಾಕರ್ ಆ ಗುಂಪಿನಲ್ಲಿ ಪ್ರಮುಖ. ದಕ್ಷಿಣದ ಕೆಂಟಕಿಯಿಂದ ಬಂದ ಪೀ ವೀ ರೀಸ್ ಸಹಿ ಹಾಕಲೊಲ್ಲೆನೆಂದ. ತಂಡ ಪನಾಮಾದಲ್ಲಿ ತಂಗಿದ್ದಾಗ ವ್ಯವಸ್ಥಾಪಕ ಲಿಯೋ ಡ್ಯೂರೋಷರ್ ನಡುರಾತ್ರಿ ಎಲ್ಲರನ್ನೂ ಎಬ್ಬಿಸಿ, ಇವನು ಆಡಿಯೇ ಆಡುತ್ತಾನೆ, ಒಪ್ಪದವರು ಬೇರೆ ತಂಡ ನೋಡಿಕೊಳ್ಳಬಹುದು ಎಂಬ ತಾತ್ಪರ್ಯದ ಮಾತುಗಳನ್ನಾಡಿದ. ಏಪ್ರಿಲ್ ೧೫ರಂದು ರಾಬಿನ್ಸನ್ ಮೈದಾನಕ್ಕಿಳಿದ. ಆ ವರ್ಷ ತಂಡ ತನ್ನ ಲೀಗಿನಲ್ಲಿ ಮೊದಲಿಗನಾಯಿತು. ಹೊಸಬರಲ್ಲಿ ಶ್ರೇಷ್ಠನೆಂಬ ಪ್ರಶಸ್ತಿ ರಾಬಿನ್ಸನ್ನನಿಗೆ ದೊರೆಯಿತು. ವರ್ಷದ ಕೊನೆಗೆ ವಾಕರ್ ಬೇರೆ ತಂಡಕ್ಕೆ ಹೋದ. ಅವನು ಬಂದರೆ ತಂಡದ ನೆಮ್ಮದಿ ಕೆಡುತ್ತದೆ ಎಂದು ಯಾರಾದರೂ ಹೇಳಿದಾಗ, ಆ ನೆಮ್ಮದಿ ಯಾರದು, ಅದಕ್ಕೆ ಬೆಲೆ ತೆರುವವರು ಯಾರು ಎಂದು ಕೇಳಬೇಕೆಂಬ ಪಾಠ ಇದರಲ್ಲಿದೆ.

ಹಾಗಾದರೆ ನಿಜವಾದ ಸಾಮರಸ್ಯವೆಂದರೇನು? ಇದಕ್ಕೆ ಉತ್ತರ ದೊರೆಯುವುದು ಆ ಜಗಳಗಂಟ ಓಕ್‌ಲೆಂಡ್ ತಂಡದಲ್ಲಿಯೇ ಎಂಬುದು ವಿಚಿತ್ರವಾದರೂ ಸತ್ಯ. ೧೯೭೩ರ ವರ್ಲ್ಡ್ ಸೀರೀಸಿನ ಎರಡನೆಯ ಪಂದ್ಯದ ಹನ್ನೆರಡನೆಯ ಸರದಿಯಲ್ಲಿ ಮೈಕ್ ಆಂಡ್ರ್ಯೂಸ್ ಎರಡು ಸಲ ತಪ್ಪಿದ, ತಂಡ ಸೋತಿತು. ಸಿಟ್ಟಾದ ಒಡೆಯ ಚಾರ್ಲಿ ಫಿನ್ಲಿ, ತನಗೆ ಭುಜದ ನೋವಿದೆ, ಆಡಲಾರೆ ಎಂಬ ಕಾಗದಕ್ಕೆ ಅವನಿಂದ ಸಹಿ ಹಾಕಿಸಿ ಮನೆಗೆ ಕಳಿಸಿದ. ಒಬ್ಬರೊಡನೊಬ್ಬರು ಸದಾ ಕಾದಾಡುತ್ತಿದ್ದ ಆಟಗಾರರು ಈ ಅನ್ಯಾಯದ ಎದುರು ಒಂದಾದರು. ಆಂಡ್ರ್ಯೂಸನ ೧೭ ಎಂಬ ಅಂಕಿಯನ್ನು ತೋಳಿಗೆ ಅಂಟಿಸಿಕೊಂಡು ನಿಂತರು. ಲೀಗಿನ ಮುಖ್ಯಾಧಿಕಾರಿ ಅವನನ್ನು ತಂಡಕ್ಕೆ ಮರಳಿಸಿದ. ನಾಲ್ಕನೆಯ ಪಂದ್ಯದಲ್ಲಿ ಆಂಡ್ರ್ಯೂಸ್ ದಾಂಡು ಹಿಡಿದು ಬಂದಾಗ ಎದುರಾಳಿ ಊರಾದ ನ್ಯೂಯಾರ್ಕಿನ ಪ್ರೇಕ್ಷಕರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜಗಳವಿಲ್ಲದಿರುವುದು ಸಾಮರಸ್ಯವಲ್ಲ, ನಮ್ಮಲ್ಲೊಬ್ಬನಿಗೆ ಅನ್ಯಾಯವಾದಾಗ ಜಗಳ ಮರೆತು ನಿಲ್ಲುವುದು ಸಾಮರಸ್ಯ.

ಕಡೆಯದಾಗಿ, ವಾದದಲ್ಲಿ ಮರೆತುಹೋಗುವ ಒಬ್ಬನಿದ್ದಾನೆ. ಕೊಡುವವರು ಯಾರು, ಕೊಳ್ಳುವವರು ಯಾರು ಎಂಬ ಗದ್ದಲದಲ್ಲಿ, ಕೈಯಿಂದ ಕೈಗೆ ಹೋಗುವವನೇ ಅವನು. ಹಿಂದಿನ ನಿಯಮದಂತೆ ಆಟಗಾರನ ಮೇಲೆ ತಂಡದ ಹಕ್ಕು ಮುಗಿಯುತ್ತಿರಲಿಲ್ಲ; ಮಾರಿದಲ್ಲಿಗೆ ಹೋಗಬೇಕು, ಇಲ್ಲವೆ ಆಟ ಬಿಡಬೇಕು. ಕರ್ಟ್ ಫ್ಲಡ್ ಎಂಬಾತ ಸೇಂಟ್ ಲೂಯಿಸಿಗೆ ಹನ್ನೆರಡು ವರ್ಷ ಆಡಿದವನು. ೧೯೬೯ರ ಅಕ್ಟೋಬರಿನಲ್ಲಿ ಅವನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟರು. ಡಿಸೆಂಬರ್ ೨೪ರಂದು ಅವನು ಲೀಗಿನ ಮುಖ್ಯಾಧಿಕಾರಿಗೆ ಕಾಗದ ಬರೆದು, ತನ್ನ ಇಚ್ಛೆಯನ್ನು ಕೇಳದೆ ಕೊಂಡು ಮಾರಲು ತಾನೊಂದು ಸ್ವತ್ತಲ್ಲವೆಂದು ತಿಳಿಸಿದ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೧೯೭೨ರಲ್ಲಿ ಐವರು ನ್ಯಾಯಮೂರ್ತಿಗಳು ಅವನ ವಿರುದ್ಧವಾಗಿಯೂ ಮೂವರು ಅವನ ಪರವಾಗಿಯೂ ತೀರ್ಪಿತ್ತರು. ಫ್ಲಡ್ ಸೋತ, ಅವನ ಆಟದ ಬದುಕು ಅಷ್ಟರಲ್ಲೇ ಮುಗಿದಿತ್ತು.

ಆದರೆ ಅವನು ಹಚ್ಚಿದ ದೀಪ ಆರಲಿಲ್ಲ. ಹತ್ತು ವರ್ಷ ಆಡಿದವನನ್ನು, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವನನ್ನು, ಅವನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಕೊಡಬಾರದೆಂಬ ನಿಯಮ ೧೯೭೩ರಲ್ಲಿ ಬಂದಿತು. ೧೯೭೫ರ ಡಿಸೆಂಬರಿನಲ್ಲಿ ಪಂಚಾಯಿತಿಯ ತೀರ್ಪೊಂದು ಒಪ್ಪಂದ ಮುಗಿದ ಆಟಗಾರರ ಸ್ವಾತಂತ್ರ್ಯಕ್ಕೆ ದಾರಿ ಮಾಡಿತು. ಇಂದಿನ ಕೋಟಿ ಕೋಟಿ ಡಾಲರುಗಳ ಒಪ್ಪಂದಗಳಿಗೆಲ್ಲ ಬುನಾದಿ ಅದೇ. ಆ ಹತ್ತು ವರ್ಷದ ನಿಯಮ ನಾಲ್ಕು ವರ್ಷ ಮೊದಲೇ ಇದ್ದಿದ್ದರೆ, ಫ್ಲಡ್ಡನಿಗೆ ಮೊಕದ್ದಮೆ ಹೂಡುವ ಅಗತ್ಯವೇ ಬೀಳುತ್ತಿರಲಿಲ್ಲ. ಒಲ್ಲೆ ಎಂಬ ಒಂದೇ ಮಾತು ಸಾಕಾಗುತ್ತಿತ್ತು.

ಬರುವ ಚಳಿಗಾಲದಲ್ಲಿಯೂ ಕಾದ ಒಲೆಯ ಸುತ್ತ ವಾದ ನಡೆದೇ ನಡೆಯುತ್ತದೆ. ತಾತ ಮನಸ್ಸಿನ ಮಾತಾಡುತ್ತಾನೆ, ಮೊಮ್ಮಗ ಲೆಕ್ಕ ಒಪ್ಪಿಸುತ್ತಾನೆ. ಇಬ್ಬರೂ ಸಂಪೂರ್ಣವಾಗಿ ಸರಿಯಲ್ಲ, ಇಬ್ಬರೂ ಸಂಪೂರ್ಣವಾಗಿ ತಪ್ಪೂ ಅಲ್ಲ. ಆದರೆ ಕೊಳ್ಳುವುದು ಬಿಡುವುದು ಎಂಬ ಮಾತಿನ ಬಿಸಿಯಲ್ಲಿ, ಆ ಕಡೆಯಿಂದ ಈ ಕಡೆಗೆ ಬರುವವನಿಗೂ ಒಂದು ಮನೆಯಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಬಿಟ್ಟುಬರಬೇಕಾದ ನೆರೆಹೊರೆಯಿದೆ ಎಂಬುದನ್ನು ಒಬ್ಬರಾದರೂ ನೆನಪಿಸಿದರೆ, ಒಲೆಯ ಬಿಸಿ ಸಾರ್ಥಕವಾದೀತು.